ಹಳೆ ಪಿಕಪ್‌ನ ಚೆಸಿಸ್ ಮನೆಯಲ್ಲೇ ಸರಿ ಮಾಡುವುದು: ಮೊದಲು ಅಳತೆ, ಕೊನೆಗೆ ಬಣ್ಣ

"ಊರಲ್ಲಿ ಅಪ್ಪನ ಹಳೆ ಪಿಕಪ್ ನಿಂತಿದೆ. ಎಂಜಿನ್ ಚೆನ್ನಾಗಿದೆ, ಚೆಸಿಸ್ ಮಾತ್ರ ತುಕ್ಕು ಹಿಡಿದಿದೆ. ಪುಣೆಗೆ ತಂದು ಮನೆ ಹತ್ತಿರವೇ ಸರಿ ಮಾಡ್ಕೋಬಹುದಾ?" ಪುಣೆ, ಪಿಂಪ್ರಿ-ಚಿಂಚವಡದ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಾಡಿಕೊಳ್ಳಬಹುದು. ಭೋಸರಿ, ಚಾಕಣ ಕಡೆ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಲ್ಲಿ ಫಿಟ್ಟಿಂಗ್, ವೆಲ್ಡಿಂಗ್ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಸಾಮಾನೂ ಇಲ್ಲೇ ಸಿಗುತ್ತದೆ. ಎಷ್ಟೋ ಹಳೆ ಪಿಕಪ್‌ಗಳು ಹುಟ್ಟಿದ್ದೇ ಈ ಊರಲ್ಲಿ. ಇಂದಿನ ಟಾಟಾ ಮೋಟರ್ಸ್ ಆಗ ಟೆಲ್ಕೊ ಆಗಿತ್ತು. ಟಾಟಾಮೊಬೈಲ್ 206 ಪಿಕಪ್ಪನ್ನು ಅದು 1988ರಲ್ಲಿ ಹೊರತಂದಿತು.

ತೊಂದರೆ ಏನೆಂದರೆ, ಹೆಚ್ಚಿನವರು ಕೆಲಸವನ್ನು ಉಲ್ಟಾ ಶುರು ಮಾಡುತ್ತಾರೆ. ಮೊದಲು ಬಣ್ಣದ ಡಬ್ಬಿ ಬರುತ್ತದೆ, ಆಮೇಲೆ ದೊಡ್ಡ ಟೈರ್ ಬರುತ್ತದೆ. ಚೆಸಿಸ್ ನೆಟ್ಟಗಿದೆಯಾ ಎಂದು ಟೇಪ್ ಹಿಡಿದು ನೋಡುವುದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಸೊಟ್ಟ ಚೆಸಿಸ್‌ಗೆ ತೇಪೆ ಬಿದ್ದು, ಆ ಸೊಟ್ಟವೇ ಗಟ್ಟಿಯಾಗಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

ಹೊಸಬರಿಗೆ ನಾಲ್ಕು ಪದ. ಕ್ಯಾಬಿನ್, ಎಂಜಿನ್, ಹಿಂದಿನ ಬಾಡಿ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟೇ ಚೆಸಿಸ್. ಪಿಕಪ್‌ಗಳಲ್ಲಿ ಇದು ಏಣಿಯ ಆಕಾರದಲ್ಲಿರುತ್ತದೆ. ಉದ್ದಕ್ಕೆ ಹೋಗುವ ಎರಡು ತೊಲೆಗಳಿಗೆ ರೇಲ್ ಎನ್ನುತ್ತಾರೆ, ಅಡ್ಡ ಪಟ್ಟಿಗಳಿಗೆ ಕ್ರಾಸ್ ಮೆಂಬರ್. ರೇಲ್ ಒಂದು ಕಡೆ ತೆರೆದಿದ್ದರೆ ಸಿ-ಚಾನೆಲ್, ನಾಲ್ಕೂ ಕಡೆ ಮುಚ್ಚಿದ್ದರೆ ಬಾಕ್ಸ್. ನಿಮ್ಮ ಗಾಡಿಯದು ಯಾವುದು ಎಂದು ಈಗಲೇ ಬಗ್ಗಿ ನೋಡಿಕೊಳ್ಳಿ. ಮುಂದಿನ ಅರ್ಧ ನಿರ್ಧಾರಗಳು ಅದರ ಮೇಲೆಯೇ ನಿಂತಿವೆ.

ಹಂತ 1: ಗ್ರೈಂಡರ್ ಮುಟ್ಟುವ ಮೊದಲು ಕಾಗದ

ಗಾಡಿ ಕೆಎ-28 ಅಥವಾ ಕೆಎ-32 ನಂಬರಿನದಾಗಿದ್ದು ಇನ್ನು ಮುಂದೆ ಪುಣೆಯಲ್ಲೇ ಇರುವುದಾದರೆ, 12 ತಿಂಗಳೊಳಗೆ ಇಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ತರಬೇಕು. ಫಾರ್ಮ್ 28 ಎಂದರೆ ಅದೇ. ಆ ಅರ್ಜಿಗೆ ಚೆಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕಾಗುತ್ತದೆ. ಅಂದರೆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು. ಕೆಲಸ ಶುರುವಾಗುವ ಮೊದಲೇ ಐದಾರು ಅಚ್ಚು ತೆಗೆದಿಡಿ. ಫೋಟೊ ಕೂಡ ತೆಗೆಯಿರಿ, ಸುತ್ತಲಿನ ಜಾಗ ಕಾಣುವ ಹಾಗೆ.

ಚೆಸಿಸ್ ನಂಬರ್ ಇರುವ ಜಾಗಕ್ಕೆ ವೈರ್ ಬ್ರಷ್ ಗ್ರೈಂಡರ್ ತಾಗಿಸಬೇಡಿ, ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ತುಕ್ಕು ಬಿಡಿಸುವುದು) ಮಾಡಿಸಬೇಡಿ, ಆ ತುಂಡನ್ನು ಕತ್ತರಿಸಬೇಡಿ. ಗ್ರೀಸ್ ಹಚ್ಚಿ, ಮೇಲೆ ತಗಡಿನ ತುಂಡು ಇಟ್ಟು, ಟೇಪ್ ಸುತ್ತಿ. ನಂಬರ್ ಅಳಿಸಿದ ಚೆಸಿಸ್ ಕದ್ದ ಗಾಡಿಯಂತೆ ಕಾಣುತ್ತದೆ, ಮಾಲೀಕ ನೀವೇ ಆಗಿದ್ದರೂ ಅಷ್ಟೇ. ತುಕ್ಕಿನಿಂದ ಅಂಕಿ ಈಗಾಗಲೇ ಹೋಗಿದ್ದರೆ ಆರ್‌ಟಿಒ ಅನುಮತಿ ಪಡೆದು ಮತ್ತೆ ಪಂಚ್ ಮಾಡಿಸಬೇಕು. ಯಾರೋ ಪಂಚ್ ಸೆಟ್ ತಂದು "ನಾನೇ ಹೊಡೆದು ಕೊಡ್ತೀನಿ" ಅಂದರೆ ಕೈ ಮುಗಿದು ಕಳಿಸಿ. ಗುಜರಿಯಿಂದ, ಇಲ್ಲಿಯವರು ಹೇಳುವ ಭಂಗಾರದಿಂದ, ನಂಬರಿಲ್ಲದ ಇಡೀ ಚೆಸಿಸ್ ತಂದು ಹಾಕುವ ಆಲೋಚನೆಯನ್ನೂ ಬಿಟ್ಟುಬಿಡಿ.

ಮಾಡಿಫಿಕೇಶನ್ ಬಗ್ಗೆ ಕಾನೂನು ಬಹಳ ನೇರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿಸಿದ್ದಾರೆ. ವೀಲ್‌ಬೇಸ್ ಉದ್ದ ಮಾಡುವುದು, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಬದಲಿಸುವುದು, ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಮುಂದೆ ಹಾಕುವ ಬುಲ್ ಬಾರ್ ಕೂಡ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ.

ಹಾಗಾದರೆ ಏನು ಮಾಡಬಹುದು? ಕಾರ್ಖಾನೆ ಕೊಟ್ಟ ಅಳತೆಗೆ ವಾಪಸ್ ತರುವ ರಿಪೇರಿ ಪೂರ್ತಿ ಮಾಡಬಹುದು. ಅದರ ಜೊತೆಗೆ ಯಾವ ಸುಧಾರಣೆ ಮಾಡಿದರೆ ಒಳ್ಳೆಯದು ಎಂದು ಏಳನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಹೊತ್ತು, ಜಾಗ, ಸಾಮಾನು

ದಸರಾ, ದೀಪಾವಳಿ ಮುಗಿದ ಮೇಲೆ ಶುರು ಮಾಡಿ. ಮೇ ತಿಂಗಳೊಳಗೆ ಬಣ್ಣ ಮುಗಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆಯ ಗಾಳಿಯಲ್ಲಿ ತುಕ್ಕು ತೆಗೆದ ಕಬ್ಬಿಣ ಬೆಳಗ್ಗೆಯಿಂದ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಸೊಸೈಟಿ ಪಾರ್ಕಿಂಗ್‌ನಲ್ಲಿ ಇದು ಆಗದು. ಸದ್ದು, ಕಿಡಿ, ಧೂಳು ಎಲ್ಲ ಸೇರಿ ಎರಡನೇ ದಿನವೇ ಕಮಿಟಿಯವರು ಬಾಗಿಲು ತಟ್ಟುತ್ತಾರೆ. ಮೋಶಿ, ದಿಘಿ, ಚರ್ಹೋಲಿ ಕಡೆ ಸ್ವಂತ ಅಂಗಳ ಇರುವ ಮನೆಯಾದರೆ ಸರಿ. ಇಲ್ಲದಿದ್ದರೆ ಒಂದು ಪತ್ರಾ ಶೆಡ್, ಅಂದರೆ ತಗಡಿನ ಶೆಡ್, ಬಾಡಿಗೆಗೆ ಹಿಡಿಯಿರಿ. ನೆಲ ಮಾತ್ರ ಗಟ್ಟಿ ಕಾಂಕ್ರೀಟ್ ಆಗಿರಲೇಬೇಕು. ಮಣ್ಣಿನ ನೆಲದ ಮೇಲೆ ಅಳತೆ ನಿಲ್ಲುವುದಿಲ್ಲ.

ಬೇಕಾದ ಸಾಮಾನು: ತೂಕ ತಾಳುವ ನಾಲ್ಕರಿಂದ ಆರು ಕಬ್ಬಿಣದ ಸ್ಟ್ಯಾಂಡ್, ಎರಡು ಹೈಡ್ರಾಲಿಕ್ ಜಾಕ್, 4 ಇಂಚಿನ ಗ್ರೈಂಡರ್, ಪಾನಾ ಮತ್ತು ಸಾಕೆಟ್ ಸೆಟ್, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಎಂದು ತೋರಿಸುವ ಪಾನಾ), ಉಕ್ಕಿನ ಟೇಪ್, ವರ್ನಿಯರ್ ಕ್ಯಾಲಿಪರ್, ಗಾರೆ ಕೆಲಸದವರ ತೂಕದ ಗುಂಡು, ನೀರಿನ ಲೆವೆಲ್ ಪೈಪ್. ಗುಂಡನ್ನು ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ "ಓಳಂಬಾ" ಎಂದು ಕೇಳಿದರೆ ತಕ್ಷಣ ಕೊಡುತ್ತಾರೆ. ವೆಲ್ಡಿಂಗ್‌ಗೆ 200 ಆಂಪಿಯರ್ ಇನ್‌ವರ್ಟರ್ ಮೆಷಿನ್ ಸಾಕು. ಅದನ್ನು ಮನೆಯ ತೆಳ್ಳನೆ ಎಕ್ಸ್‌ಟೆನ್ಶನ್ ವೈರಿಗೆ ಚುಚ್ಚಬೇಡಿ, ವೈರ್ ಕರಗುತ್ತದೆ. ಎಲೆಕ್ಟ್ರಿಶಿಯನ್ ಕರೆಸಿ ದಪ್ಪ ತಾಮ್ರದ ವೈರ್, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಮಾಡಿಸಿಕೊಳ್ಳಿ.

ಹಳೆ ಬ್ರಾಕೆಟ್, ಕ್ಲಾಂಪ್, ಸಣ್ಣಪುಟ್ಟ ಟೂಲ್ ಬುಧವಾರ ಮತ್ತು ಭಾನುವಾರ ನಡೆಯುವ ಜುನಾ ಬಜಾರಿನಲ್ಲಿ ಸಿಗುತ್ತವೆ. ಹೊಸ ಪಾರ್ಟ್ಸ್‌ಗೆ ನಾನಾ ಪೇಠೆಗೆ ಹೋಗಿ. ಆದರೆ ಬ್ರೇಕ್ ಮತ್ತು ಸ್ಟೀರಿಂಗ್‌ಗೆ ಸಂಬಂಧಿಸಿದ ಯಾವುದನ್ನೂ ಹಳೆಯದು ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿ ಸಿಕ್ಕರೂ.

ಹಂತ 3: ಬಿಚ್ಚುವುದು

ಬಿಚ್ಚುವ ಮೊದಲು ಪ್ರತಿ ಪೈಪು, ವೈರು, ಬ್ರಾಕೆಟ್ಟಿನ ಫೋಟೊ ತೆಗೆಯಿರಿ. ಬೋಲ್ಟ್‌ಗಳನ್ನು ಬೇರೆ ಬೇರೆ ಪೊಟ್ಟಣಕ್ಕೆ ಹಾಕಿ ಎಲ್ಲಿಯದು ಎಂದು ಬರೆದಿಡಿ. ಬ್ಯಾಟರಿ ಮೊದಲು ಹೊರಗೆ. ಆಮೇಲೆ ಡೀಸೆಲ್ ಟ್ಯಾಂಕ್, ಹಿಂದಿನ ಬಾಡಿ, ಕ್ಯಾಬಿನ್, ಎಂಜಿನ್, ಕೊನೆಗೆ ಆಕ್ಸಲ್‌ಗಳು.

ಮೂರು ಕಡೆ ಹುಷಾರಾಗಿರಿ.

ಟ್ಯಾಂಕ್ ಖಾಲಿ ಇದ್ದರೂ ಅದರೊಳಗಿನ ಆವಿ ಸಿಡಿಯಬಲ್ಲದು. ಡೀಸೆಲ್ ಟ್ಯಾಂಕ್‌ಗೂ ಇದೇ ಮಾತು, ಬಿಸಿ ತಾಗಿದರೆ ಅದೂ ಆವಿ ಬಿಡುತ್ತದೆ. ಟ್ಯಾಂಕನ್ನು ಶೆಡ್ಡಿನಿಂದ ಹೊರಗಿಡಿ. ತೂತಿದ್ದರೆ ನೀವು ವೆಲ್ಡ್ ಮಾಡಬೇಡಿ.

ಗಾಡಿಯನ್ನು ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಮೇಲೆ ನಿಲ್ಲಿಸಬೇಡಿ. ಸಿಮೆಂಟ್ ಬ್ಲಾಕ್ ಬಗ್ಗುವುದಿಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತದೆ. ಬರೀ ಜಾಕ್ ನಂಬಿ ಕೆಳಗೆ ಹೋಗುವುದಂತೂ ಬೇಡವೇ ಬೇಡ.

ಹಳೆ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆದು ಧೂಳು ಹಾರಿಸುವುದು ಎಲ್ಲ ಗ್ಯಾರೇಜ್‌ಗಳ ಅಭ್ಯಾಸ. ಆ ಧೂಳು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಮುಂದೆ ಟಾರ್ಷನ್ ಬಾರ್ ಇದ್ದರೆ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆ ಸರಳು ಇದ್ದರೆ, ಬಿಚ್ಚುವ ಮೊದಲು ಅದು ಕೂತಿರುವ ಜಾಗಕ್ಕೆ ಪಂಚ್‌ನಿಂದ ಗುರುತು ಮಾಡಿ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು.

ಹಂತ 4: ಅಳತೆ

ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಖರ್ಚು ನೂರಿನ್ನೂರು ರೂಪಾಯಿ ದಾಟುವುದಿಲ್ಲ. ಆದರೂ ಹೆಚ್ಚಿನವರು ಬಿಡುವುದು ಇದನ್ನೇ.

ಬರೀ ಚೆಸಿಸ್ಸನ್ನು ಆಕ್ಸಲ್ ಕೂರುವ ಜಾಗಗಳ ಹತ್ತಿರ ನಾಲ್ಕು ಸ್ಟ್ಯಾಂಡ್ ಮೇಲೆ ಇಡಿ. ನೀರಿನ ಪೈಪಿನಿಂದ ನಾಲ್ಕೂ ಮೂಲೆ ಸಮ ಮಾಡಿ. ಮೂರು ಮೂಲೆ ಸಮನಾಗಿ ನಾಲ್ಕನೆಯದು ಗಾಳಿಯಲ್ಲಿ ನಿಂತರೆ ಚೆಸಿಸ್ ತಿರುಚಿದೆ ಎಂದರ್ಥ. ಒಂದು ಸ್ಟ್ಯಾಂಡ್ ಕೆಳಗೆ ತಗಡು ತುರುಕಿ ಸುಮ್ನೆ ಮುಂದಕ್ಕೆ ಹೋಗಬೇಡಿ. ಎಷ್ಟು ಮಿ.ಮೀ. ಎಂದು ಬರೆದಿಟ್ಟುಕೊಳ್ಳಿ.

ಈಗ ಎಡ ಬಲ ಎರಡೂ ರೇಲ್‌ಗಳಲ್ಲಿ ಕಾರ್ಖಾನೆಯೇ ಕೊರೆದ ಒಂದೇ ಥರದ ತೂತುಗಳನ್ನು ಹುಡುಕಿ. ಮುಂದೆ ಒಂದು ಜೊತೆ, ಕ್ಯಾಬಿನ್ ಕೆಳಗೆ ಎರಡು ಜೊತೆ, ಹಿಂದೆ ಒಂದು ಜೊತೆ ಸಿಕ್ಕರೆ ಸಾಕು. ಪ್ರತಿ ತೂತಿನ ನಟ್ಟನಡುವಿನಿಂದ ಗುಂಡು ಇಳಿಬಿಡಿ. ಗುಂಡಿನ ಮೂತಿ ಆಡುವುದು ನಿಂತ ಮೇಲೆ ನೆಲದಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿ. ಸುಣ್ಣದ ಕಡ್ಡಿಯ ಗೆರೆಯೇ ಎರಡು ಮೂರು ಮಿ.ಮೀ. ದಪ್ಪ ಇರುತ್ತದೆ, ಅದು ಬೇಡ. ಎಂಟು ಗುರುತು ಬಿದ್ದ ಮೇಲೆ ಚೆಸಿಸ್ಸನ್ನು ಆಚೆ ಸರಿಸಿದರೆ ಅದರ ನಕ್ಷೆ ನೆಲದ ಮೇಲೆ ನಿಮ್ಮ ಕಣ್ಣೆದುರೇ ಇರುತ್ತದೆ.

ಮೊದಲು ಅಕ್ಕಪಕ್ಕದ ಎರಡೆರಡು ಜೊತೆಗಳ ನಡುವೆ ಕರ್ಣ ಅಳೆಯಿರಿ. ಎಡ ಮುಂದಿನಿಂದ ಬಲ ಹಿಂದಕ್ಕೆ ಒಂದು, ಬಲ ಮುಂದಿನಿಂದ ಎಡ ಹಿಂದಕ್ಕೆ ಒಂದು. ಎರಡೂ ಒಂದೇ ಬರಬೇಕು. ಆಮೇಲೆ ಮುಂದಿನ ಜೊತೆಯಿಂದ ಹಿಂದಿನ ಜೊತೆಗೆ ಇಡೀ ಉದ್ದದ ಕರ್ಣ. ನನ್ನ ಲೆಕ್ಕ ಹೀಗಿದೆ: 3 ಮಿ.ಮೀ. ಒಳಗಿನ ವ್ಯತ್ಯಾಸ ಸರಿ. 3ರಿಂದ 6ರ ನಡುವೆ ಬಂದರೆ ಮತ್ತೊಮ್ಮೆ ಅಳೆದು, ಕ್ರಾಸ್ ಮೆಂಬರ್ ರಿವೆಟ್ ಸಡಿಲಾಗಿದೆಯಾ ನೋಡಿ. ಅದಕ್ಕೂ ಜಾಸ್ತಿ ಬಂದರೆ ಚೆಸಿಸ್ ಎಳೆದು ನೆಟ್ಟಗೆ ಮಾಡುವ ಮೆಷಿನ್ ಇರುವವರ ಹತ್ತಿರ ಕಳಿಸಿ. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಲಾರಿಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮನೆಯಲ್ಲಿ ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ಬಡಿಯಬೇಡಿ. ಕಾಯಿಸಿದ ಜಾಗದಲ್ಲಿ ಉಕ್ಕಿನ ಬಲ ಹೋಗುತ್ತದೆ, ಮುಂದೆ ಸರಿಯಾಗಿ ಅಲ್ಲೇ ಬಗ್ಗುತ್ತದೆ.

ರೇಲ್ ಜೋತಿದೆಯಾ ಎಂದು ತಿಳಿಯಲು ಅದರ ಉದ್ದಕ್ಕೂ ದಾರ ಬಿಗಿದು ನೋಡಿ. ತಿರುಚಿದೆಯಾ ಎಂದು ತಿಳಿಯಲು ಮುಂದೊಂದು ಹಿಂದೊಂದು ನೆಟ್ಟನೆಯ ಚೌಕ ಪೈಪನ್ನು ರೇಲ್‌ಗಳ ಮೇಲೆ ಅಡ್ಡ ಇಟ್ಟು, ಕುಕ್ಕರಗಾಲಲ್ಲಿ ಕೂತು ಒಂದರ ಅಂಚಿನಿಂದ ಇನ್ನೊಂದರ ಅಂಚು ನೋಡಿ. ಕಣ್ಣು ಇದರಲ್ಲಿ ಬಹಳ ಚುರುಕು, ಸಣ್ಣ ಓರೆಯೂ ತಿಳಿಯುತ್ತದೆ.

ಎಲ್ಲವನ್ನೂ ಒಂದು ವಹಿಯಲ್ಲಿ ಬರೆಯಿರಿ. ವೆಲ್ಡಿಂಗ್ ನಡುವೆ, ವೆಲ್ಡಿಂಗ್ ಆದ ಮೇಲೆ ಇದೇ ಅಳತೆಗಳನ್ನು ಮತ್ತೆ ತೆಗೆಯಬೇಕು.

ಹಂತ 5: ತುಕ್ಕು ಹುಡುಕುವುದು, ತೆಗೆಯುವುದು

ಗಾಡಿ ಹಿಂದೆ ಏನು ಹೊತ್ತಿತ್ತು ಎಂದು ಕೇಳಿ ತಿಳಿದುಕೊಳ್ಳಿ. ರತ್ನಾಗಿರಿ, ಗೋವಾ ಕಡೆಯಿಂದ ಮೀನು ತಂದ ಗಾಡಿಯಾದರೆ, ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಹಿಂದಿನ ಕ್ರಾಸ್ ಮೆಂಬರ್ ಮೇಲೆ ತೊಟ್ಟಿಕ್ಕಿರುತ್ತದೆ. ಮೇಲಿಂದ ಬಣ್ಣ ಚೆನ್ನಾಗಿ ಕಂಡರೂ ಒಳಗೆ ಪದರ ಪದರವಾಗಿ ತಿಂದಿರುತ್ತದೆ. ಗೊಬ್ಬರ ಸಾಗಿಸಿದ ಗಾಡಿಯ ಕಥೆಯೂ ಇದೇ. ವಿಜಯಪುರ, ಸೊಲ್ಲಾಪುರದ ಒಣ ಹವೆಯಲ್ಲಿ ಜೋಳ, ಈರುಳ್ಳಿ ಹೊತ್ತ ಗಾಡಿ ಸಿಕ್ಕರೆ ಅದೃಷ್ಟ.

ಸಣ್ಣ ಸುತ್ತಿಗೆಯಿಂದ ರೇಲ್ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದಪ್ ಎನ್ನುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಜಾಗಗಳನ್ನು, ಅಂದರೆ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗಿನ ತುದಿಯನ್ನು ರೇಲಿಗೆ ಹಿಡಿಯುವ ಬ್ರಾಕೆಟ್), ಬಲಪಟ್ಟಿ, ಕ್ರಾಸ್ ಮೆಂಬರ್ ಕೂಡುವ ಜಾಗ, ಚೂಪು ಕಬ್ಬಿಣದಿಂದ ಚುಚ್ಚಿ ನೋಡಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಅದಕ್ಕೇ ನಡುವೆ ತುಕ್ಕು ಕೂತಾಗ ಎರಡು ತಗಡು ಉಬ್ಬಿ ಬಾಯಿ ಬಿಡುತ್ತವೆ. ಹಾಗೆ ಉಬ್ಬಿದ ಪಟ್ಟಿಯನ್ನು ಬಿಚ್ಚದೆ ಮೇಲಿಂದ ಬಣ್ಣ ಹೊಡೆದರೆ ಏನೂ ಮಾಡಿದಂತಾಗಲಿಲ್ಲ.

ಚೊಕ್ಕ ಮಾಡಿದ ಮೇಲೆ ವರ್ನಿಯರ್‌ನಿಂದ ದಪ್ಪ ಅಳೆಯಿರಿ. ಒಳ್ಳೆಯ ಜಾಗದ ದಪ್ಪಕ್ಕೆ ಹೋಲಿಸಿದಾಗ ಕಾಲು ಭಾಗ ಹೋಗಿದ್ದರೆ ಆ ತುಂಡು ಕತ್ತರಿಸುವುದೇ ಸರಿ. ಬಾಕ್ಸ್ ರೇಲ್ ಆದರೆ ವರ್ನಿಯರ್ ಒಳಗೆ ಹೋಗದು. ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಅಲ್ಟ್ರಾಸೋನಿಕ್ ಗೇಜ್ ಇಟ್ಟುಕೊಂಡು ಒಂದೇ ಬದಿಯಿಂದ ದಪ್ಪ ಅಳೆಯುವವರು ಸಿಗುತ್ತಾರೆ.

ತುಕ್ಕು ತೆಗೆಯಲು ಮನೆಯಲ್ಲಿ ವೈರ್ ಕಪ್ ಸಾಕಾಗುತ್ತದೆ, ಆದರೆ ಮೂಲೆಗಳಿಗೆ ಹೋಗುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಬ್ಲಾಸ್ಟಿಂಗ್‌ಗೆ ಕೊಡಿ. ಗಾರ್ನೆಟ್ ಅಥವಾ ಸ್ಟೀಲ್ ಗ್ರಿಟ್‌ನಿಂದ ಮಾಡುವವರನ್ನೇ ಹುಡುಕಿ. ಹೊಳೆಯ ಮರಳಿನಿಂದ ಬ್ಲಾಸ್ಟಿಂಗ್ ಮಾಡುವ ಹುಡುಗರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬರುತ್ತದೆ. ಅದು ವಾಸಿಯಾಗದ ಕಾಯಿಲೆ. ಅಂಥ ಕಡೆ ಅಗ್ಗ ಎಂದು ಕೆಲಸ ಕೊಡಬೇಡಿ. ಬ್ಲಾಸ್ಟಿಂಗ್ ಆದ ದಿನವೇ ಪ್ರೈಮರ್ ಬೀಳಬೇಕು. ವೆಲ್ಡಿಂಗ್ ಬಾಕಿ ಇದ್ದರೆ ಆ ಜಾಗ ಮಾತ್ರ ಬಿಟ್ಟು ಉಳಿದದ್ದಕ್ಕೆ ಹೊಡೆಸಿ.

ಸಣ್ಣ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಡೈ ಪೆನೆಟ್ರಂಟ್ ಎಂಬ ಮೂರು ಸ್ಪ್ರೇ ಡಬ್ಬಿಗಳ ಸೆಟ್ ತನ್ನಿ. ಕ್ಲೀನರ್‌ನಿಂದ ಒರೆಸಿ, ಕೆಂಪು ಡೈ ಹೊಡೆದು ಹತ್ತು ನಿಮಿಷ ಬಿಟ್ಟು, ಮತ್ತೆ ಒರೆಸಿ ಬಿಳಿ ಡೆವಲಪರ್ ಹೊಡೆಯಿರಿ. ಬಿರುಕು ಇದ್ದರೆ ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ನಿಧಾನವಾಗಿ ಮೂಡುತ್ತದೆ. ಸ್ಪ್ರಿಂಗ್ ಹ್ಯಾಂಗರ್ ಸುತ್ತ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಎಂಜಿನ್ ಮೌಂಟಿಂಗ್ ಮೂಲೆಗಳು, ಇಷ್ಟನ್ನಂತೂ ಬಿಡದೆ ನೋಡಿ.

ಹಂತ 6: ಕತ್ತರಿಸುವುದು, ವೆಲ್ಡ್ ಮಾಡುವುದು

ರೇಲ್ ಹೇಗೆ ಭಾರ ಹೊರುತ್ತದೆ ಎಂದು ತಿಳಿದರೆ ಎಲ್ಲಿ ವೆಲ್ಡ್ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ. ಎರಡು ಆಕ್ಸಲ್‌ಗಳ ನಡುವೆ ಭಾರ ಬಿದ್ದಾಗ ರೇಲಿನ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಹಿಗ್ಗುತ್ತದೆ. ಹಿಂದಿನ ಆಕ್ಸಲ್ ಆಚೆ ಚಾಚಿದ ತುದಿಯಲ್ಲಿ ಇದು ಉಲ್ಟಾ, ಅಲ್ಲಿ ಹಿಗ್ಗುವುದು ಮೇಲಂಚು. ರೇಲಿನ ನಿಂತ ಮೈಯ ನಟ್ಟನಡುವೆ ಈ ಎಳೆತ ಬಹಳ ಕಡಿಮೆ. ಅಂದರೆ ಬಲ ಇರುವುದೆಲ್ಲ ಮೇಲಂಚು, ಕೆಳಂಚುಗಳಲ್ಲಿ. ಅವುಗಳಲ್ಲಿ ಯಾವತ್ತೂ ಹೊಸ ತೂತು ಕೊರೆಯಬೇಡಿ, ಅಡ್ಡಕ್ಕೆ ವೆಲ್ಡ್ ಗೆರೆ ಎಳೆಯಬೇಡಿ. ತೂತು ಬೇಕೇ ಬೇಕಾದರೆ ನಿಂತ ಮೈಯ ನಡುವೆ ಕೊರೆಯಿರಿ.

ಇದರಿಂದಲೇ ತೇಪೆಯ ಆಕಾರವೂ ತಿಳಿಯುತ್ತದೆ. ಚೌಕ ತಗಡು ತಂದು ನಾಲ್ಕೂ ಕಡೆ ವೆಲ್ಡ್ ಸುರಿಯುವುದು ಎಲ್ಲೆಲ್ಲೂ ಕಾಣುವ ತಪ್ಪು. ರೇಲಿಗೆ ಅಡ್ಡವಾಗಿ ನೇರ ನಿಂತ ವೆಲ್ಡ್ ಗೆರೆಯ ಪಕ್ಕದಲ್ಲೇ ಮುಂದಿನ ಬಿರುಕು ಏಳುತ್ತದೆ. ತೇಪೆಯ ತುದಿಗಳನ್ನು 30ರಿಂದ 45 ಡಿಗ್ರಿ ಓರೆ ಮಾಡಿ, ಮೂಲೆಗಳನ್ನು ಗುಂಡಗೆ ಮಾಡಿ. ದಪ್ಪ ರೇಲಿನಷ್ಟೇ ಇರಲಿ. "ದಪ್ಪ ಹಾಕಿದರೆ ಗಟ್ಟಿ" ಎನ್ನುವವರ ಮಾತು ಕೇಳಬೇಡಿ. ದಪ್ಪ ತೇಪೆ ಬಗ್ಗದು, ಅದರ ಪಕ್ಕದ ತೆಳು ರೇಲ್ ಎಲ್ಲ ಬಾಗುವಿಕೆಯನ್ನೂ ಒಬ್ಬಂಟಿಯಾಗಿ ತಿಂದು ಸೀಳುತ್ತದೆ.

ಮಾಡುವ ಕ್ರಮ ಹೀಗೆ:

1. ಕತ್ತರಿಸುವ ಮೊದಲು ಎರಡು ರೇಲ್‌ಗಳ ನಡುವೆ ಆಂಗಲ್ ಕಬ್ಬಿಣವನ್ನು ಅಡ್ಡ ಮತ್ತು ಓರೆಯಾಗಿ ಕ್ಲಾಂಪ್ ಮಾಡಿ ಬಿಗಿಯಿರಿ. ಒಂದು ಸಲಕ್ಕೆ ಒಂದೇ ಜಾಗ ಕತ್ತರಿಸಿ. ಎರಡೂ ರೇಲ್ ಒಟ್ಟಿಗೆ ಬಿಚ್ಚಿದರೆ ಅಳತೆ ಕೈ ತಪ್ಪುತ್ತದೆ.

2. ತುಕ್ಕಿನ ಆಚೆಗೆ, ಹೊಳೆಯುವ ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ. ತುಕ್ಕಿನ ಅಂಚಿಗೆ ವೆಲ್ಡ್ ಹಿಡಿಯುವುದಿಲ್ಲ, ಸುಟ್ಟು ತೂತಾಗುತ್ತದೆ.

3. ಅಂಚುಗಳನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ. ಬಿರುಕು ಆದರೆ ಅದರ ಎರಡೂ ತುದಿಗೆ 5-6 ಮಿ.ಮೀ. ತೂತು ಕೊರೆದು ನಿಲ್ಲಿಸಿ, ಆಮೇಲೆ ವಿ ಮಾಡಿ.

4. ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ಸುಡಬಹುದು.

5. ಮೊದಲು ಟ್ಯಾಕ್ ಮಾತ್ರ ಹಾಕಿ, ಅಂದರೆ ಅಲ್ಲಲ್ಲಿ ಚುಕ್ಕೆ ವೆಲ್ಡ್. ಗುಂಡು ಇಳಿಬಿಟ್ಟು ಕರ್ಣ ಮತ್ತೆ ಅಳೆಯಿರಿ. ಸರಿ ಇದ್ದರೆ ಮುಂದೆ, ಇಲ್ಲದಿದ್ದರೆ ಟ್ಯಾಕ್ ಕತ್ತರಿಸಿ ಸರಿ ಮಾಡಿ. ಈಗ ಐದು ನಿಮಿಷದ ಕೆಲಸ, ಆಮೇಲೆ ಐದು ದಿನದ್ದು.

6. ಪೂರ್ತಿ ವೆಲ್ಡನ್ನು 25-30 ಮಿ.ಮೀ. ತುಂಡು ತುಂಡಾಗಿ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಮಾಡುತ್ತಾ ಹೋಗಿ. ಕೈ ಇಡಲು ಆಗುವಷ್ಟು ಆರಿದ ಮೇಲೆ ಮುಂದಿನ ತುಂಡು. ನೀರು ಸುರಿದು ಆರಿಸಬೇಡಿ, ಉಕ್ಕು ಪೆಡಸಾಗುತ್ತದೆ.

ರಾಡ್ ಯಾವುದು ಎಂದು ಬಹಳ ಜನ ಕೇಳುತ್ತಾರೆ. ರೇಲಿಗೆ 7018 ಒಳ್ಳೆಯದು, ಗೇಟು ಕಿಟಕಿಗೆ ಬಳಸುವ 6013ಗಿಂತ ಬಿರುಕಿಗೆ ಜಾಸ್ತಿ ತಡೆಯುತ್ತದೆ. ಆದರೆ 7018 ತೇವ ಹೀರಿದರೆ ಆ ಗುಣವೇ ಹೋಗುತ್ತದೆ. ತೆರೆದ ಪೊಟ್ಟಣದಲ್ಲಿ ಇಟ್ಟ ರಾಡ್ ಬಳಸಬೇಡಿ, ಪೊಟ್ಟಣದ ಮೇಲೆ ಬರೆದಷ್ಟು ಬಿಸಿಯಲ್ಲಿ ಒಣಗಿಸಿದ ಮೇಲೆಯೇ ಬಳಸಿ. ಬ್ಲೋಹೋಲ್ (ಗಾಳಿ ಸಿಕ್ಕಿ ಆದ ತೂತು) ಇಲ್ಲದೆ, ಬುಡದವರೆಗೆ ಕರಗಿ ಕೂತ ವೆಲ್ಡ್ ನಿಮ್ಮ ಕೈಯಲ್ಲಿ ಬರುತ್ತದಾ ಎಂದು ಅದೇ ದಪ್ಪದ ತುಂಡುಗಳ ಮೇಲೆ ಹಾಕಿ, ಬಗ್ಗಿಸಿ, ಮುರಿದು ನೋಡಿಕೊಳ್ಳಿ. ಬಾರದಿದ್ದರೆ ಕತ್ತರಿಸುವ, ಕೂರಿಸುವ ಕೆಲಸ ನೀವು ಮಾಡಿ, ವೆಲ್ಡಿಂಗ್‌ಗೆ ಮಾತ್ರ ಸರ್ಟಿಫಿಕೇಟ್ ಇರುವ ವೆಲ್ಡರ್ ಕರೆಸಿ. ಇದರಲ್ಲಿ ಸಂಕೋಚ ಬೇಡ. ಈ ಗಾಡಿ ಹೆದ್ದಾರಿಯಲ್ಲಿ ಬೇರೆಯವರ ಪಕ್ಕದಲ್ಲೂ ಓಡುತ್ತದೆ.

ಸಡಿಲಾದ ರಿವೆಟ್ಟಿಗೆ ವೆಲ್ಡ್ ತುಂಬಬೇಡಿ. ತಲೆ ಗ್ರೈಂಡ್ ಮಾಡಿ, ಡ್ರಿಲ್ ಹಾಕಿ ತೆಗೆದು, ತೂತನ್ನು ರೀಮರ್‌ನಿಂದ ಸಮ ಮಾಡಿ, ಬಿಗಿಯಾಗಿ ಕೂರುವ 10.9 ಗ್ರೇಡಿನ ಬೋಲ್ಟ್ ಹಾಕಿ. ಗ್ರೇಡ್ ಬೋಲ್ಟಿನ ತಲೆ ಮೇಲೆ ಬರೆದಿರುತ್ತದೆ. ಏನೂ ಬರೆಯದ ಬೋಲ್ಟ್ ಚೆಸಿಸ್‌ಗೆ ಬೇಡ.

ಇನ್ನೊಂದು ಎಚ್ಚರಿಕೆ. ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರುತ್ತದೆ. ಅದರಿಂದ ಒರೆಸಿದ ಜಾಗಕ್ಕೆ ವೆಲ್ಡಿಂಗ್ ಕಿಡಿ ತಾಗಿದರೆ ಫಾಸ್ಜೀನ್ ಎಂಬ ವಿಷದ ಗಾಳಿ ಹುಟ್ಟಬಹುದು. ವೆಲ್ಡ್ ಮಾಡುವ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಶುರು ಮಾಡಿ. ಜಿಂಕ್ ಲೇಪದ ತಗಡಾದರೆ ಲೇಪ ತೆಗೆದು, ಗಾಳಿ ಆಡುವ ಕಡೆ ವೆಲ್ಡ್ ಮಾಡಿ.

ಹಂತ 7: ಮಾಡಿಫಿಕೇಶನ್ ಎಷ್ಟು, ಎಲ್ಲಿಗೆ ನಿಲ್ಲಿಸಬೇಕು

ಎಲ್ಲರೂ ಕೇಳುವುದು "ಸಿ-ಚಾನೆಲ್‌ಗೆ ತಗಡು ಮುಚ್ಚಿ ಬಾಕ್ಸ್ ಮಾಡಿದರೆ ಗಟ್ಟಿ ಆಗುತ್ತೆ ಅಲ್ವಾ?" ಎಂದು. ಆಗುತ್ತದೆ, ಆದರೆ ಎಲ್ಲಿ ಬೇಕೋ ಅಲ್ಲಿ ಅಲ್ಲ. ಸಿ-ಚಾನೆಲ್ ಚೆಸಿಸ್ ಸ್ವಲ್ಪ ತಿರುಚಿಕೊಳ್ಳಲೆಂದೇ ಇರುವುದು. ಹೊಲದ ದಾರಿಯಲ್ಲಿ ಒಂದು ಚಕ್ರ ಗುಂಡಿಗೆ ಇಳಿದಾಗ ಇಡೀ ಚೌಕಟ್ಟು ಅಷ್ಟಷ್ಟೇ ತಿರುಗಿ ಹೊಂದಿಕೊಳ್ಳುತ್ತದೆ. ನಡುವೆ ಒಂದು ತುಂಡು ಮುಚ್ಚಿದರೆ ಆ ತಿರುಚೆಲ್ಲ ಮುಚ್ಚಿದ ಜಾಗದ ತುದಿಗೆ ಹೋಗಿ ಸೇರುತ್ತದೆ, ಬಿರುಕು ಅಲ್ಲೇ ಬರುತ್ತದೆ. ಸ್ಟೀರಿಂಗ್ ಬಾಕ್ಸ್ ಹತ್ತಿರ ಬಲ ಬೇಕಾದರೆ ಮೂಲ ತಯಾರಕರ ಬಲಪಟ್ಟಿಯನ್ನೇ ಹುಡುಕಿ ಹಾಕಿ.

ಗಾಡಿ ಎತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಕಾನೂನು ಒಂದು ಕಡೆ ಇರಲಿ. ಎತ್ತರಿಸಿದಾಗ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇರಿಂಗ್ ಬೇಗ ಹೋಗುತ್ತದೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ, ತಿರುವಿನಲ್ಲಿ ಗಾಡಿ ಜಾಸ್ತಿ ಓಲಾಡುತ್ತದೆ.

ನಿಜವಾಗಿ ಉಪಯೋಗಕ್ಕೆ ಬರುವ ಬದಲಾವಣೆಗಳು ಕಣ್ಣಿಗೆ ಕಾಣದಂಥವು. ಮುಚ್ಚಿಹೋದ ನೀರು ಹೋಗುವ ತೂತುಗಳನ್ನು ತೆರೆಯಿರಿ. ಸಡಿಲಾದ ರಬ್ಬರ್ ಬುಷ್‌ಗಳನ್ನೆಲ್ಲ ಹೊಸದು ಮಾಡಿ. ಬ್ರೇಕ್ ಪೈಪ್ ಮತ್ತು ವೈರಿಂಗನ್ನು ಸೈಲೆನ್ಸರ್‌ನಿಂದ ದೂರ, ರೇಲಿನ ಒಳಮೈಗೆ ಕ್ಲಿಪ್ ಹಾಕಿ ಕಟ್ಟಿ. ಬಾಡಿ ಮತ್ತು ರೇಲ್ ನಡುವಿನ ರಬ್ಬರ್ ಪ್ಯಾಡ್ ಬದಲಿಸಿ. ಹಳೆ ಗಾಡಿಗಳಲ್ಲಿ ಅಲ್ಲಿ ಕಟ್ಟಿಗೆ ತುಂಡು ತುರುಕಿರುತ್ತಾರೆ, ಅದು ನೀರು ಹಿಡಿದು ರೇಲನ್ನು ತಿನ್ನುತ್ತದೆ.

ಹಂತ 8: ಬಣ್ಣ

ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಚೆಸಿಸ್‌ಗೆ ನನ್ನ ಆಯ್ಕೆ ಅದಲ್ಲ. ಕಲ್ಲು ಬಡಿದು ಒಂದು ಕಡೆ ಚಕ್ಕೆ ಎದ್ದರೆ ಅದರಡಿ ತುಕ್ಕು ಹರಡುತ್ತದೆ, ಮೇಲಿಂದ ತಿಳಿಯುವುದೇ ಇಲ್ಲ. ಗ್ಯಾಲ್ವನೈಸಿಂಗ್‌ನಲ್ಲಿ ಸುಮಾರು 450 ಡಿಗ್ರಿಯ ಸತುವಿನಲ್ಲಿ ಚೆಸಿಸ್ ಅದ್ದುತ್ತಾರೆ, ಅಷ್ಟು ಬಿಸಿಗೆ ಅದು ಸೊಟ್ಟಗಾಗುವ ಅಪಾಯ ಇದೆ. ನಾಲ್ಕನೇ ಹಂತದ ಶ್ರಮ ನೀರುಪಾಲು. ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಕಪ್ಪು ಬಣ್ಣ, ಇವೆರಡೇ ಮನೆಗೆ ಸರಿ. ಎರಡು ಡಬ್ಬಿ ಅಂದರೆ ಬಣ್ಣ ಒಂದು, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಒಂದು. ಡಬ್ಬಿ ಮೇಲಿನ ಅಳತೆಯಲ್ಲೇ ಕಲಸಿ, ಅಂದಾಜಿನಲ್ಲಿ ಅಲ್ಲ.

ಮೊದಲು ಬ್ರಷ್ಷಿನಿಂದ ಅಂಚು, ವೆಲ್ಡ್, ಬೋಲ್ಟ್ ತಲೆಗಳಿಗೆ ಒಂದು ಕೈ ಹಚ್ಚಿ, ಆಮೇಲೆ ಸ್ಪ್ರೇ. ಚೂಪು ಅಂಚಿನಲ್ಲಿ ಬಣ್ಣ ತೆಳ್ಳಗೆ ಕೂರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಡಿಸೆಂಬರ್ ಬೆಳಗ್ಗೆ ಪುಣೆಯಲ್ಲಿ ಕಬ್ಬಿಣದ ಮೇಲೆ ಇಬ್ಬನಿ ಕೂತಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. 11 ಗಂಟೆಯಿಂದ 4 ಗಂಟೆಯೊಳಗೆ ಹೊಡೆಯಿರಿ. ಪಿಯು ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇದೆ, ಅದರಿಂದ ಆಸ್ತಮಾ ಬರಬಹುದು. ಬಟ್ಟೆ ಮಾಸ್ಕ್ ಸಾಲದು, ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ರೆಸ್ಪಿರೇಟರ್ ಬೇಕು. ಸ್ಪ್ರೇ ಮಾಡುವಾಗ ಮಕ್ಕಳು, ಅಕ್ಕಪಕ್ಕದವರು ಹತ್ತಿರ ಇರಬಾರದು.

ಬಾಕ್ಸ್ ರೇಲಿನ ಒಳಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಹೊಡೆಯಿರಿ. ಉದ್ದ ಪೈಪಿನ ತುದಿಯಿಂದ ಸುತ್ತಲೂ ಚಿಮ್ಮುವ ನಾಜಲ್ ಅದರ ಜೊತೆಗೇ ಬರುತ್ತದೆ. ತುಕ್ಕಿನ ಮೇಲೆ ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದು ಮಾತ್ರ ಬೇಡ. ಅದು ಒಣಗಿ ಬಿರಿದ ಮೇಲೆ ನೀರನ್ನು ಒಳಗೇ ಹಿಡಿದಿಡುತ್ತದೆ.

ಹಂತ 9: ಜೋಡಣೆ ಮತ್ತು ಪರೀಕ್ಷೆ

ಪಾಟಾ (ಪಟ್ಟಿ ಸ್ಪ್ರಿಂಗ್) ಕಟ್ಟುವ ಯು-ಬೋಲ್ಟ್‌ಗಳನ್ನು ಹಳೆಯದೇ ಮತ್ತೆ ಹಾಕಬೇಡಿ. ಒಮ್ಮೆ ಬಿಗಿದಾಗಲೇ ಅವು ಹಿಗ್ಗಿರುತ್ತವೆ. ಪಾಟಾದ ಕಣ್ಣಿನ ಬೋಲ್ಟ್‌ಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಗಾಡಿ ಚಕ್ರದ ಮೇಲೆ ನಿಂತು ಪೂರ್ತಿ ತೂಕ ಬಿದ್ದ ಮೇಲೆ ಟಾರ್ಕ್ ಹಾಕಿ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ಬುಷ್ ತಿರುಚಿಕೊಂಡು ಹರಿಯುತ್ತದೆ.

ಬ್ರೇಕ್ ಪೈಪ್ ಪೂರ್ತಿ ಹೊಸದು. ಎಸಿ ರಿಪೇರಿಯವರ ತಾಮ್ರದ ಕೊಳವೆ ಸುಲಭವಾಗಿ ಬಗ್ಗುತ್ತದೆ ಎಂದು ಅದನ್ನು ಹಾಕುವವರಿದ್ದಾರೆ. ಅಲುಗಾಟಕ್ಕೆ ಅದು ಸೀಳುತ್ತದೆ, ಹಾಕಬೇಡಿ. ಬ್ರೇಕ್ ಆಯಿಲ್ ಹೊಸ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ. ಅರ್ಥ್ ವೈರ್ ಕೂರುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದು, ಬೋಲ್ಟ್ ಹಾಕಿದ ಮೇಲೆ ಗ್ರೀಸ್ ಹಚ್ಚಿ. ಹೊಸ ಬಣ್ಣ ಹೊಡೆದ ಗಾಡಿಗಳಲ್ಲಿ ಲೈಟ್, ಸ್ಟಾರ್ಟರ್ ಕೆಲಸ ಮಾಡದಿರಲು ಮುಖ್ಯ ಕಾರಣ ಅರ್ಥ್ ವೈರಿನ ಅಡಿಯ ಈ ಬಣ್ಣವೇ.

ವೀಲ್ ಅಲೈನ್‌ಮೆಂಟ್ ಮಾಡಿಸಿ, ಅಂಗಳದಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ನೋಡಿ. 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್, ಕ್ರಾಸ್ ಮೆಂಬರ್ ಬೋಲ್ಟ್, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಎಲ್ಲಕ್ಕೂ ಮತ್ತೆ ಟಾರ್ಕ್ ಹಾಕಿ, ಪ್ರತಿ ವೆಲ್ಡಿನ ಪಕ್ಕ ಡೈ ಹೊಡೆದು ನೋಡಿ. ಅಲ್ಲಿಯವರೆಗೆ ಭಾರ ಹೇರಬೇಡಿ. ಹಳದಿ ಬೋರ್ಡ್ ಗಾಡಿಯಾದರೆ, ಎಂಟು ವರ್ಷ ದಾಟಿದ್ದಕ್ಕೆ ಪ್ರತಿ ವರ್ಷ ಪಾಸಿಂಗ್, ಅಂದರೆ ಫಿಟ್‌ನೆಸ್ ತಪಾಸಣೆ, ಇದ್ದೇ ಇದೆ. ಪಾಸಿಂಗ್‌ಗೆ ಹೋಗುವ ಮೊದಲು ಚೆಸಿಸ್ ನಂಬರಿನ ಮೇಲಿನ ಟೇಪ್, ತಗಡು ತೆಗೆದು, ಗ್ರೀಸ್ ಒರೆಸಿ, ಅಂಕಿಗಳು ಓದಲು ಬರುವಂತೆ ಇಟ್ಟುಕೊಳ್ಳಿ. ಅಲ್ಲಿ ದಪ್ಪ ಬಣ್ಣ ಬೇಡ, ತೆಳ್ಳಗೆ ಕ್ಲಿಯರ್ ಲ್ಯಾಕರ್ ಸಾಕು.